ದೊಡ್ಡಪ್ಪನ ಫೋಟೋಗೆ ಕತ್ತಲು ತುಂಬಿದ್ದು

ಈ ಫೋಟೋ ತೆಗೆದದ್ದು ಮಧ್ಯಾಹ್ನ ಮೂರು ಗಂಟೆಗೆ. ದೊಡ್ಡಪ್ಪ ಕಿಟಕಿ ಪಕ್ಕ ಕೂತು ಪೇಪರ್ ಓದುತ್ತಿದ್ದರು. ಕರೆದೆ, ತಲೆ ಎತ್ತಿದರು, ಕ್ಲಿಕ್ ಮಾಡಿದೆ. ಅಷ್ಟೇ. ಸ್ಟುಡಿಯೋ ಇಲ್ಲ, ಫ್ಲ್ಯಾಶ್ ಇಲ್ಲ, ಹಿಂದೆ ಕಪ್ಪು ಬಟ್ಟೆಯೂ ಇಲ್ಲ. ಇದ್ದದ್ದು ತಿಳಿ ಬಣ್ಣದ ಗೋಡೆ, ಗೋಡೆಯ ಮೇಲೆ ಸ್ವಿಚ್ ಬೋರ್ಡ್, ಅದರಿಂದ ಜೋತು ಬಿದ್ದ ಚಾರ್ಜರ್ ವೈರ್. ದೊಡ್ಡಪ್ಪನ ಮೈಮೇಲೆ ಬಿಳಿ ಶರ್ಟ್. ಇದನ್ನು ಲೋ-ಕೀ ಪೋರ್ಟ್ರೇಟ್ ಮಾಡಬೇಕಿತ್ತು, ಅಂದರೆ ಬಹುಪಾಲು ಕತ್ತಲಿದ್ದು ಮುಖದ ಒಂದಿಷ್ಟು ಭಾಗ ಮಾತ್ರ ಬೆಳಗುವ ಚಿತ್ರ. ಅಂಥದ್ದರಲ್ಲಿ ಏನೇನು ಇರಬಾರದೋ ಅದೆಲ್ಲ ಇಲ್ಲಿತ್ತು.

ಆದರೂ ಇದನ್ನೇ ಆರಿಸಿಕೊಂಡೆ. ಕಾರಣ, ಬೆಳಕು ಬಂದ ದಿಕ್ಕು. ಕಿಟಕಿ ಅವರ ಎಡಕ್ಕೆ, ಕಣ್ಣಿಗಿಂತ ಸ್ವಲ್ಪ ಮೇಲಿತ್ತು. ಮುಖದ ಒಂದು ಬದಿ ಬೆಳಗಿ, ಇನ್ನೊಂದು ಬದಿ ನೆರಳಿಗೆ ಇಳಿದಿತ್ತು. ನೆರಳಿನ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಒಂದು ಸಣ್ಣ ಬೆಳಕಿನ ತ್ರಿಕೋನ ಉಳಿದಿತ್ತು. ಇದಕ್ಕೆ ರೆಂಬ್ರಾಂಟ್ ಲೈಟಿಂಗ್ ಅನ್ನುತ್ತಾರೆ. ರೆಂಬ್ರಾಂಟ್ (1606–1669) ಬರೆದ ಮುಖಗಳಲ್ಲಿ ಇಂಥ ಬೆಳಕು ಮತ್ತೆ ಮತ್ತೆ ಕಾಣುತ್ತದೆ, ಅದಕ್ಕೆ ಆ ಹೆಸರು. ಫೋಟೋಗ್ರಾಫರ್‌ಗಳ ಲೆಕ್ಕದಲ್ಲಿ ಆ ತ್ರಿಕೋನದ ಅಗಲ ಕಣ್ಣಿನಷ್ಟು, ಉದ್ದ ಮೂಗಿನಷ್ಟು, ಅದಕ್ಕಿಂತ ಜಾಸ್ತಿ ಬೇಡ. ನನಗೆ ಅದು ಪುಕ್ಕಟೆ ಸಿಕ್ಕಿತ್ತು.

ಇದಕ್ಕೂ ಮೊದಲು, ಎದುರಿನಿಂದ ಫ್ಲ್ಯಾಶ್ ಬಿದ್ದ ಒಂದು ಫೋಟೋ ಮೇಲೆ ಇದೇ ಪ್ರಯೋಗ ಮಾಡಿ ಸೋತಿದ್ದೆ. ಆ ಮುಖದಲ್ಲಿ ನೆರಳೇ ಇರಲಿಲ್ಲ. ನಾನು ಬ್ರಷ್ ಹಿಡಿದು ಒಂದು ಕೆನ್ನೆಗೆ ಕಪ್ಪು ಬಳಿದೆ. ಮಸಿ ಒರೆಸಿಕೊಂಡ ಹಾಗೆ ಕಾಣಿಸಿತು. ಇರುವ ನೆರಳನ್ನು ಆಳ ಮಾಡಬಹುದು, ಇಲ್ಲದ್ದನ್ನು ತಂದು ಕೂರಿಸುವುದು ಬೇರೆಯೇ ಕೆಲಸ, ನನಗಂತೂ ಬರಲಿಲ್ಲ.

ಸಾಮಾನು ಇಷ್ಟು: 50 ಎಂಎಂ ಲೆನ್ಸ್, ಎಫ್/2.8, 1/125 ಸೆಕೆಂಡ್, ಐಎಸ್ಒ 400, ರಾ ಫೈಲ್ (ಕ್ಯಾಮೆರಾ ಹಿಡಿದ ಬೆಳಕಿನ ಕಚ್ಚಾ ದಾಖಲೆ). ರಾ ತೆರೆಯಲು ಡಾರ್ಕ್‌ಟೇಬಲ್, ಉಳಿದದ್ದಕ್ಕೆ ಜಿಂಪ್. ಎರಡಕ್ಕೂ ಕಾಸು ಕೊಡಬೇಕಿಲ್ಲ. ಲೇಯರ್ (ಒಂದರ ಮೇಲೊಂದು ಇಡುವ ಪದರ), ಮಾಸ್ಕ್ (ಪದರದ ಮುಸುಕು; ಅದು ಬಿಳಿ ಇದ್ದಲ್ಲಿ ಪದರ ಕಾಣುತ್ತದೆ, ಕಪ್ಪು ಇದ್ದಲ್ಲಿ ಇಲ್ಲ), ಕರ್ವ್ಸ್ (ಬೆಳಕು-ನೆರಳಿನ ಹದ ಏರಿಸಿ ಇಳಿಸುವ ಗೆರೆ) ಇರುವ ಯಾವ ಸಾಫ್ಟ್‌ವೇರ್‌ನಲ್ಲಿ ಬೇಕಾದರೂ ಇದೇ ಕೆಲಸ ಆಗುತ್ತದೆ, ಮೆನು ಹೆಸರು ಮಾತ್ರ ಬೇರೆ.

ಮೊದಲ ರಾತ್ರಿ

ಡಾರ್ಕ್‌ಟೇಬಲ್‌ನಲ್ಲಿ ಜಾಸ್ತಿ ಏನೂ ಮಾಡಲಿಲ್ಲ. ಹಣೆಯ ಹೊಳಪು ಪೂರ್ತಿ ಬಿಳಿಯಾಗದ ಹಾಗೆ ಎಕ್ಸ್‌ಪೋಷರ್ (ಚಿತ್ರದ ಒಟ್ಟು ಬೆಳಕು) ಅರ್ಧ ಸ್ಟಾಪ್ ಇಳಿಸಿದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ), ವೈಟ್ ಬ್ಯಾಲೆನ್ಸ್ ಸರಿ ಮಾಡಿದೆ, 16 ಬಿಟ್ ಟಿಫ್ ಆಗಿ ಎಕ್ಸ್‌ಪೋರ್ಟ್ ಮಾಡಿದೆ. ಈ 16 ಬಿಟ್ ವಿಷಯ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ. 8 ಬಿಟ್ ಫೈಲ್‌ನಲ್ಲಿ ಕಪ್ಪಿನಿಂದ ಬಿಳಿವರೆಗೆ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ನನ್ನ ಕ್ಯಾಮೆರಾದ 14 ಬಿಟ್ ರಾ ಫೈಲ್‌ನಲ್ಲಿ 16,384. ಲೋ-ಕೀ ಚಿತ್ರದ ಬಹುಪಾಲು ಕೆಳಗಿನ ಮೆಟ್ಟಿಲುಗಳಲ್ಲೇ ಬದುಕುವುದು. ಅಲ್ಲಿ ಮೆಟ್ಟಿಲು ಕಮ್ಮಿಯಾದರೆ ಮೊದಲು ಪೆಟ್ಟು ತಿನ್ನುವುದು ನಾವೇ.

ಜಿಂಪ್‌ನಲ್ಲಿ ತೆರೆದು, ಕಲರ್ ಪಿಕರ್‌ನಲ್ಲಿ ಸ್ಯಾಂಪಲ್ ಆವರೇಜ್ ಆನ್ ಮಾಡಿ ಮೂರು ಕಡೆ ಎಷ್ಟು ಬೆಳಗಿದೆ ಅಂತ ಅಳೆದೆ (0 ಅಂದರೆ ಕಪ್ಪು, 255 ಅಂದರೆ ಬಿಳಿ). ಬೆಳಕಿನ ಬದಿಯ ಹಣೆ 190. ನೆರಳಿನ ಕೆನ್ನೆ 100. ಗೋಡೆ 150. ಈ ಮೂರು ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೆ. ಕೊನೆವರೆಗೂ ಕೈ ಹಿಡಿದದ್ದು ಇವೇ, ಕಣ್ಣಲ್ಲ.

ಆಮೇಲೆ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಕತ್ತಲು ಬೇಕು ತಾನೇ, ಎಕ್ಸ್‌ಪೋಷರ್ ಇಳಿಸೋಣ ಅಂತ ಎರಡು ಸ್ಟಾಪ್ ಇಳಿಸಿದೆ. ಫೋಟೋ ಕತ್ತಲಾಯಿತು, ನಿಜ. ಆದರೆ ಮೂಡ್ ಬರಲಿಲ್ಲ. ಸಂಜೆ ಕರೆಂಟ್ ಹೋದಾಗ ತೆಗೆದ ಫೋಟೋ ಥರ ಮಂಕಾಗಿ ಕೂತಿತ್ತು. ಮತ್ತೆ ಅಳೆದೆ. ಹಣೆ 100, ಕೆನ್ನೆ 50, ಗೋಡೆ 78.

ಈ ಅಂಕಿ ನೋಡಿದಾಗಲೇ ವಿಷಯ ಹೊಳೆದದ್ದು. ಪರದೆಯ ಅಂಕಿ ನೇರವಾಗಿ ಬೆಳಕಿನ ಅಳತೆ ಅಲ್ಲ, ಗಾಮಾ ಲೆಕ್ಕ (ಬೆಳಕನ್ನು ಅಂಕಿಯಾಗಿಸುವಾಗ ಬಾಗಿಸುವ ಸೂತ್ರ) ಬಿಡಿಸಿ ನೋಡಬೇಕು. ಹಾಗೆ ನೋಡಿದರೆ 190ಕ್ಕೂ 100ಕ್ಕೂ ನಡುವೆ ಸುಮಾರು 4:1 ಅನುಪಾತ, ಅಂದರೆ ಎರಡು ಸ್ಟಾಪ್. 100ಕ್ಕೂ 50ಕ್ಕೂ ನಡುವೆಯೂ ಅದೇ 4:1! ಎಕ್ಸ್‌ಪೋಷರ್ ಇಳಿಸಿದರೆ ಬೆಳಕು, ನೆರಳು ಎರಡೂ ಒಟ್ಟಿಗೆ ಇಳಿಯುತ್ತವೆ. ಅವುಗಳ ನಡುವಿನ ಅಂತರ ಇದ್ದಲ್ಲೇ ಇರುತ್ತದೆ. ನನಗೆ ಬೇಕಾಗಿದ್ದದ್ದು ಆ ಅಂತರವೇ. ಹಣೆ ಎಲ್ಲಿದೆಯೋ ಹೆಚ್ಚು ಕಮ್ಮಿ ಅಲ್ಲೇ ಇರಲಿ, ನೆರಳು ಮಾತ್ರ ಬಾವಿಗೆ ಇಳಿಯಲಿ. ಗುರಿ ಬರೆದುಕೊಂಡೆ: ಹಣೆ 180, ಕೆನ್ನೆ 45. ಇದು ಸುಮಾರು 17:1, ನಾಲ್ಕು ಸ್ಟಾಪ್‌ಗಿಂತ ಒಂಚೂರು ಜಾಸ್ತಿ. ಗೋಡೆ 20ರ ಕೆಳಗೆ.

ಎಲ್ಲ ಅನ್‌ಡು ಮಾಡಿ ಮಲಗಿದೆ.

ಗೋಡೆ

ಮಾರನೇ ದಿನ ಗೋಡೆಯಿಂದ ಶುರು. ಹೊಸ ಲೇಯರ್, ಅದರ ತುಂಬ ಕಡು ಕಂದು. ಅಪ್ಪಟ ಕಪ್ಪು ಹಾಕಿದರೆ ಮುಖ ಕತ್ತರಿಸಿ ಅಂಟಿಸಿದ ಹಾಗಿರುತ್ತದೆ, ಅದಕ್ಕೆ ಕಂದು. ಮೋಡ್ (ಪದರ ಕೆಳಗಿನ ಚಿತ್ರದ ಜೊತೆ ಬೆರೆಯುವ ರೀತಿ) ಮಲ್ಟಿಪ್ಲೈ, ಅಂದರೆ ಕೆಳಗಿನದನ್ನು ಕತ್ತಲು ಮಾಡುವುದು. ಅದಕ್ಕೆ ಕಪ್ಪು ಮಾಸ್ಕ್ ಹಾಕಿ, ಬಿಳಿ ಬ್ರಷ್‌ನಿಂದ ಗೋಡೆ ಇರುವ ಕಡೆಗೆಲ್ಲ ಉಜ್ಜುತ್ತಾ ಬಂದೆ. ಬ್ರಷ್ 800 ಪಿಕ್ಸೆಲ್, ಅಂಚು ಪೂರ್ತಿ ಮೆತ್ತಗೆ, ಒಪಾಸಿಟಿ (ಒಂದು ಸವರಿನ ದಟ್ಟತೆ) 30. ಮಲ್ಟಿಪ್ಲೈನ ಒಳ್ಳೆಯ ಗುಣ ಅಂದರೆ ಗೋಡೆಯಲ್ಲಿ ಮೊದಲೇ ಇದ್ದ ಏರಿಳಿತ ಉಳಿಯುತ್ತದೆ. ಕಿಟಕಿ ಕಡೆ ಸ್ವಲ್ಪ ಬೆಳಕು, ಮೂಲೆಯಲ್ಲಿ ಕತ್ತಲು, ಎಲ್ಲ ಹಾಗೇ ಇದ್ದು ಒಟ್ಟಾರೆ ಕೆಳಗಿಳಿಯುತ್ತದೆ.

ಕಷ್ಟ ಬಂದದ್ದು ಅಂಚಿನಲ್ಲಿ. ಮೊದಲು ಇಡೀ ಆಕಾರವನ್ನು ಫ್ರೀ ಸೆಲೆಕ್ಟ್‌ನಿಂದ ಸುತ್ತಿಕೊಂಡು ಬಂದೆ. ಭುಜ, ಕಿವಿ, ತಲೆ, ಇನ್ನೊಂದು ಕಿವಿ, ಭುಜ. ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ನೋಡಿದರೆ ಅರ್ಧ ಕೆಲಸ ದಂಡ. ನೆರಳಿನ ಬದಿಯ ಕಿವಿ ಮತ್ತು ಭುಜ ಹೇಗೂ ಕತ್ತಲಲ್ಲಿ ಕರಗಬೇಕು, ಅಲ್ಲಿ ಗೆರೆ ಯಾಕೆ? ಸುಮ್ನೆ ದೊಡ್ಡ ಬ್ರಷ್‌ನಿಂದ ಕತ್ತಲನ್ನು ಗೋಡೆಯಿಂದ ಭುಜದ ಮೇಲೆ ಹರಿಯಬಿಟ್ಟೆ. ಒಂದೇ ನಿಮಿಷದಲ್ಲಿ ಫೋಟೋದ ಸ್ವಭಾವವೇ ಬದಲಾಯಿತು. ಗೋಡೆ ಎಲ್ಲಿ ಮುಗಿಯಿತು, ಮನುಷ್ಯ ಎಲ್ಲಿ ಶುರುವಾದ ಅನ್ನುವುದು ಆ ಬದಿಯಲ್ಲಿ ಗೊತ್ತಾಗಲಿಲ್ಲ. ಹೋದ ಸಲದ ಮುಕ್ಕಾಲು ಗಂಟೆಯ ಗೆರೆಗಿಂತ ಇದು ಎಷ್ಟೋ ಚೆನ್ನಾಗಿತ್ತು.

ಬೆಳಕಿನ ಬದಿಯಲ್ಲಿ ಮಾತ್ರ ಗೆರೆ ಬೇಕೇ ಬೇಕು. ಭುಜಕ್ಕೆ ಸೆಲೆಕ್ಷನ್ ಮಾಡಿ 8 ಪಿಕ್ಸೆಲ್ ಫೆದರ್ ಕೊಟ್ಟೆ (ಅಂಚು ಮೆತ್ತಗೆ ಮಾಡಿದೆ), ಸಾಕಾಯಿತು. ಕೂದಲು ಸತಾಯಿಸಿತು. ದೊಡ್ಡಪ್ಪನದು ಬಿಳಿ ಕೂದಲು, ಎಳೆಗಳ ನಡುವೆ ತಿಳಿ ಗೋಡೆ ಇಣುಕುತ್ತದೆ. ಮಾಸ್ಕ್ ಕೂದಲಿನ ಹೊರಗೇ ನಿಂತರೆ ತಲೆ ಸುತ್ತ ಮಬ್ಬು ಬಿಳಿ ಪ್ರಭಾವಳಿ. ಒಳಗೆ ಬಂದರೆ ಬಿಳಿ ಕೂದಲೂ ಕಪ್ಪಾಗಿ ವಯಸ್ಸು ಇಪ್ಪತ್ತು ವರ್ಷ ಇಳಿಯುತ್ತದೆ. ಕೊನೆಗೆ ಕತ್ತಲನ್ನು ಕೂದಲಿನ ಒಳಗೆ ಒಂದು ಬೆರಳಗಲ ಹರಿಯಬಿಟ್ಟು, ಮಾಸ್ಕ್ ಮೇಲೆ 3 ಪಿಕ್ಸೆಲ್‌ನ ಕಪ್ಪು ಬ್ರಷ್‌ನಿಂದ ಮುಖ್ಯವಾದ ಹತ್ತು ಹನ್ನೆರಡು ಎಳೆಗಳನ್ನು ಮಾತ್ರ ಒಂದೊಂದಾಗಿ ಹೊರಗೆ ತಂದೆ. ಎಲ್ಲ ಎಳೆ ಬೇಕಿಲ್ಲ. ಹತ್ತು ಕಂಡರೆ ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ.

ಸ್ವಿಚ್ ಬೋರ್ಡ್ ಅಳಿಸಲಿಲ್ಲ. ಕತ್ತಲಲ್ಲಿ ಮುಳುಗಿಹೋಗುತ್ತೆ ಬಿಡು ಅಂದುಕೊಂಡೆ.

ಮುಖ

ಮೂಲ ಲೇಯರ್‌ನ ಒಂದು ಕಾಪಿ ತೆಗೆದು, ಕರ್ವ್ಸ್‌ನಲ್ಲಿ 190 ಇದ್ದದ್ದನ್ನು 180ರ ಹತ್ತಿರ ಕಟ್ಟಿಹಾಕಿ 100ರ ಬಿಂದುವನ್ನು ಹಿಡಿದು ಕೆಳಗೆಳೆದೆ. ತಕ್ಷಣ ಎರಡು ಅವಾಂತರ.

ಒಂದು, ಸ್ವಿಚ್ ಬೋರ್ಡ್ ಎದ್ದು ಬಂದು ಎದುರಿಗೆ ನಿಂತಿತು. ಕಾಪಿ ಮಾಡಿದ ಲೇಯರ್ ಅನ್ನು ಗೋಡೆಯ ಲೇಯರ್‌ನ ಮೇಲೆ ಇಟ್ಟಿದ್ದೆ, ಹಳೆಯ ಗೋಡೆ ಹೊಸ ಕತ್ತಲನ್ನು ಮುಚ್ಚಿಬಿಟ್ಟಿತ್ತು. ಕೆಳಗೆ ಎಳೆದು ಹಾಕಿದೆ, ಸರಿಹೋಯಿತು.

ಎರಡನೆಯದು ಬಣ್ಣ. ಕರ್ವ್ ಕಡಿದಾದಷ್ಟೂ ಕೆಂಪು, ಹಸಿರು, ನೀಲಿ ಮೂರರ ನಡುವಿನ ಅಂತರವೂ ಹಿಗ್ಗುತ್ತದೆ. ಚರ್ಮದಲ್ಲಿ ಕೆಂಪು ಜಾಸ್ತಿ, ನೀಲಿ ಕಮ್ಮಿ. ಹಾಗಾಗಿ ನೆರಳಿನ ಕೆನ್ನೆ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಮದ್ದು ಸುಲಭ: ಆ ಲೇಯರ್‌ನ ಮೋಡ್ ಅನ್ನು ಲ್ಯೂಮಿನನ್ಸ್‌ಗೆ ಬದಲಾಯಿಸಿದೆ. ಆಗ ಬೆಳಕಿನ ಏರಿಳಿತ ಮಾತ್ರ ಮೇಲಿನ ಲೇಯರ್‌ನದು, ಬಣ್ಣ ಕೆಳಗಿನದು. ಅಷ್ಟಾದರೂ ಕತ್ತಲ ಜಾಗದ ಕೆಂಪು ಕಣ್ಣಿಗೆ ಚುಚ್ಚುತ್ತಿತ್ತು, ಸ್ಯಾಚುರೇಷನ್ (ಬಣ್ಣದ ಗಾಢತೆ) ಸ್ವಲ್ಪ ಇಳಿಸಿದೆ.

ಈ ಹೊತ್ತಿಗೆ ದೊಡ್ಡಪ್ಪ ಹಿಂದೆ ಬಂದು ನಿಂತಿದ್ದರು.

"ನಾನು ಮೊದಲೇ ಕಪ್ಪು. ಇನ್ನೂ ಎಷ್ಟು ಕಪ್ಪು ಮಾಡ್ತೀಯೋ?"

"ನಿಮ್ಮನ್ನಲ್ಲ ದೊಡ್ಡಪ್ಪ, ನೆರಳನ್ನ."

"ನೆರಳೂ ನಂದೇ ಅಲ್ವೇನೋ!"

ಮಾತು ತಮಾಷೆಗೆ ಬಂದರೂ ಅದರಲ್ಲಿ ವಿಷಯ ಇದೆ. ಕಪ್ಪು ಮೈಬಣ್ಣದ ಮುಖಕ್ಕೆ ಲೋ-ಕೀ ಚೆನ್ನಾಗಿ ಒಪ್ಪುತ್ತದೆ, ಆದರೆ ಹದ ಬೇರೆ. ಅಲ್ಲಿ ಮುಖದ ಆಕಾರವನ್ನು ಹೇಳುವುದು ಹಣೆ, ಮೂಗಿನ ಗೆರೆ, ಕೆನ್ನೆಯ ಮೂಳೆ ಮೇಲೆ ಕೂತ ಹೊಳಪು. ಆ ಹೊಳಪನ್ನು ಎಣ್ಣೆ ಜಿಡ್ಡು ಅಂದುಕೊಂಡು ಒರೆಸಿ ಹಾಕಿದರೆ, ಅಥವಾ ಸ್ಕಿನ್ ಸ್ಮೂತಿಂಗ್ ಹಾಕಿದರೆ, ಮುಖ ಚಪ್ಪಟೆ. ಅದಕ್ಕೇ ನಾನು ಹಣೆಯ 180 ಅನ್ನು ಬಿಟ್ಟುಕೊಡಲಿಲ್ಲ.

ಕರ್ವ್ಸ್ ಲೇಯರ್ ಪೂರ್ತಿ ಮುಖಕ್ಕೆ ಬೇಡ, ನೆರಳಿಗೆ ಮಾತ್ರ ಬೇಕು. ಅದಕ್ಕೆ ಕೈಯಿಂದ ಮಾಸ್ಕ್ ಬರೆಯಲಿಲ್ಲ. ಆಡ್ ಲೇಯರ್ ಮಾಸ್ಕ್ ಒತ್ತಿದಾಗ ಬರುವ ಪಟ್ಟಿಯಲ್ಲಿ 'ಗ್ರೇಸ್ಕೇಲ್ ಕಾಪಿ ಆಫ್ ಲೇಯರ್' ಅಂತ ಇದೆ, ಅದರ ಕೆಳಗೆ 'ಇನ್ವರ್ಟ್ ಮಾಸ್ಕ್'. ಎರಡನ್ನೂ ಆರಿಸಿದರೆ ಫೋಟೋದ ನೆಗೆಟಿವ್ ಥರದ ಮಾಸ್ಕ್ ಬರುತ್ತದೆ. ಫೋಟೋ ಎಲ್ಲಿ ಕಪ್ಪೋ ಅಲ್ಲಿ ಲೇಯರ್ ಜೋರಾಗಿ ಕೆಲಸ ಮಾಡುತ್ತದೆ, ಎಲ್ಲಿ ಬೆಳಕೋ ಅಲ್ಲಿ ಕೈ ಕಟ್ಟಿ ಕೂರುತ್ತದೆ.

ಆದರೆ ಮಾಸ್ಕ್ ಹಾಗೇ ಬಿಟ್ಟರೆ ಇನ್ನೊಂದು ತೊಂದರೆ. ಸುಕ್ಕುಗಳೂ ಕಪ್ಪೇ ತಾನೇ? ಒಂದೊಂದು ಸುಕ್ಕೂ ಉಳುಮೆ ಮಾಡಿದ ಸಾಲಿನ ಹಾಗೆ ಆಳವಾಯಿತು. ದೊಡ್ಡಪ್ಪನಿಗೆ ಎಪ್ಪತ್ತು, ಚಿತ್ರದಲ್ಲಿ ತೊಂಬತ್ತು ಕಂಡರು. ಮಾಸ್ಕ್‌ಗೆ 50 ಪಿಕ್ಸೆಲ್ ಗಾಸಿಯನ್ ಬ್ಲರ್ ಕೊಟ್ಟು ಮಸುಕು ಮಾಡಿದೆ. ಆಗ ಅದು ಸುಕ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಕೆನ್ನೆ, ಕತ್ತು ಇಂಥ ದೊಡ್ಡ ಜಾಗಗಳನ್ನು ಮಾತ್ರ ನೋಡುತ್ತದೆ. ಇನ್ನೊಮ್ಮೆ ಕರ್ವ್ ಸ್ವಲ್ಪ ಎಳೆದು ಅಳೆದೆ: ಹಣೆ 180, ಕೆನ್ನೆ 47. ಎರಡು ಅಂಕಿಗೆ ಜಗಳ ಬೇಡ ಅಂತ ಬಿಟ್ಟೆ.

ಕಣ್ಣು, ಶರ್ಟ್, ಕೈ

ಇಲ್ಲಿಂದ ಮುಂದೆ ಸ್ಲೈಡರ್ ಕೆಲಸ ಇಲ್ಲ, ಬ್ರಷ್ ಕೆಲಸ. 50 ಪರ್ಸೆಂಟ್ ಬೂದು ತುಂಬಿದ ಒಂದು ಲೇಯರ್, ಮೋಡ್ ಸಾಫ್ಟ್ ಲೈಟ್. ಆ ಬೂದು ತಾನಾಗಿ ಏನೂ ಮಾಡುವುದಿಲ್ಲ. ಅದರ ಮೇಲೆ ಬಿಳಿ ಸವರಿದರೆ ಕೆಳಗಿನ ಚಿತ್ರ ಬೆಳಗುತ್ತದೆ, ಕಪ್ಪು ಸವರಿದರೆ ಕತ್ತಲಾಗುತ್ತದೆ. ತಪ್ಪಾದರೆ ಮತ್ತೆ ಬೂದು ಬಳಿದರೆ ಆಯಿತು. ಒಪಾಸಿಟಿ 6. ಒಂದು ಸವರಿಗೆ ಏನೂ ಆಗಿಲ್ಲ ಅನ್ನಿಸಬೇಕು, ಹತ್ತನೇ ಸವರಿಗೆ ಗೊತ್ತಾಗಬೇಕು.

ಮೊದಲ ಶತ್ರು ಶರ್ಟ್ ಕಾಲರ್. ಮುಖಕ್ಕಿಂತ ಜಾಸ್ತಿ ಬೆಳಕು ಅದಕ್ಕೇ ಇತ್ತು, 225. ಫೋಟೋ ತೆರೆದ ಕೂಡಲೇ ಕಣ್ಣು ಕಾಲರ್‌ಗೆ ಹೋಗುತ್ತಿತ್ತು. ಸಾಫ್ಟ್ ಲೈಟ್‌ಗೆ ಅಷ್ಟು ಬಿಳಿ ಜಗ್ಗುವುದಿಲ್ಲ, ಅದಕ್ಕೆ ಗೋಡೆಯ ಮಲ್ಟಿಪ್ಲೈ ಮಾಸ್ಕ್ ಅನ್ನೇ ಶರ್ಟ್‌ನ ಮೇಲೂ ಮೆಲ್ಲಗೆ ಎಳೆದು 90ಕ್ಕೆ ತಂದೆ. ಬಟ್ಟೆ ಬಿಳಿಯೇ ಅಂತ ಈಗಲೂ ತಿಳಿಯುತ್ತದೆ, ಕೂಗುವುದಿಲ್ಲ. ಮುಂದಿನ ಸಲ ಫೋಟೋ ತೆಗೆಯುವ ಮೊದಲೇ ಶರ್ಟ್ ಬದಲಾಯಿಸಲು ಹೇಳುತ್ತೇನೆ, ಅದು ಒಂದು ನಿಮಿಷದ ಕೆಲಸ.

ಕಣ್ಣಿಗೆ ಜಾಸ್ತಿ ಹೊತ್ತು ಹೋಯಿತು. ಬೆಳಕಿನ ಬದಿಯ ಕಣ್ಣಲ್ಲಿ ಕಿಟಕಿಯ ಪ್ರತಿಬಿಂಬ ಚೊಕ್ಕವಾಗಿತ್ತು. ನೂರಕ್ಕೆ ನೂರು ಜೂಮ್ ಮಾಡಿದರೆ ಸಣ್ಣ ಚೌಕ, ಅದರ ನಡುವೆ ಕಿಟಕಿ ಸರಳಿನ ಒಂದು ಅಡ್ಡ ಗೆರೆ. ನೆರಳಿನ ಬದಿಯ ಕಣ್ಣಲ್ಲಿ ಅದು ಕರ್ವ್ಸ್ ಹೊಡೆತಕ್ಕೆ ಸತ್ತೇ ಹೋಗಿತ್ತು. ಕಣ್ಣಿನ ಜಾಗದಲ್ಲಿ ಗುಳಿ ಮಾತ್ರ. 12 ಪಿಕ್ಸೆಲ್ ಬ್ರಷ್‌ನಿಂದ ಒಂದು ಬಿಳಿ ಚುಕ್ಕೆ ಇಟ್ಟೆ. ಗಾಜಿನ ಗೋಲಿ ಕೂರಿಸಿದ ಹಾಗಾಯಿತು. ಬೂದು ಬಳಿದು ಅಳಿಸಿದೆ. ಮೂಲ ಲೇಯರ್ ಮಾತ್ರ ತೆರೆದಿಟ್ಟು ನೋಡಿದರೆ ಆ ಕಣ್ಣಲ್ಲೂ ಕಿಟಕಿ ಇತ್ತು, ಬಲು ಸಣ್ಣದಾಗಿ, ಮೇಲಿನ ರೆಪ್ಪೆಗೆ ತಾಗಿ, ಅರ್ಧ ಮುಚ್ಚಿ. ನಾನು ಚುಕ್ಕೆ ಇಟ್ಟದ್ದು ಕಣ್ಣಿನ ನಟ್ಟನಡುವೆ. ಕರ್ವ್ಸ್ ಲೇಯರ್‌ನ ಮಾಸ್ಕ್‌ನಲ್ಲಿ ಆ ಜಾಗಕ್ಕೆ ಮಾತ್ರ ಕಪ್ಪು ಸವರಿ ಅಲ್ಲಿದ್ದ ನಿಜವಾದ ಹೊಳಪನ್ನೇ ವಾಪಸ್ ತಂದೆ. ನಾಲ್ಕೈದು ಪಿಕ್ಸೆಲ್ ಇರಬಹುದು. ಸಾಕು, ಕಣ್ಣು ಎದ್ದಿತು.

ಆಮೇಲೆ ತ್ರಿಕೋನಕ್ಕೆ ಎರಡು ಸವರು ಬಿಳಿ, ಮೇಲ್ದುಟಿಯ ಅಂಚಿಗೆ ಒಂದು. ಪೇಪರ್ ಹಿಡಿದ ಕೈ ಕೆಳಗಡೆ ಇತ್ತು. ಅದನ್ನು ಪೂರ್ತಿ ಮುಳುಗಿಸಬೇಕೆಂದಿದ್ದೆ. ಬೆರಳಿನ ಗಂಟುಗಳ ಮೇಲೆ ಬೆಳಕು ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಮನಸ್ಸು ಬರಲಿಲ್ಲ, 70ಕ್ಕೆ ಇಳಿಸಿ ಉಳಿಸಿಕೊಂಡೆ.

ಪಟ್ಟೆಗಳು

ಮುಗಿಯಿತು ಅಂದುಕೊಂಡು ಜೆಪೆಗ್ ಮಾಡಿ ಫೋನ್‌ಗೆ ಕಳಿಸಿದೆ. ಹಿನ್ನೆಲೆಯಲ್ಲಿ ಪಟ್ಟೆ ಪಟ್ಟೆ! ಕೆರೆಗೆ ಕಲ್ಲು ಎಸೆದಾಗ ಏಳುವ ಅಲೆಯ ಹಾಗೆ, ಒಂದರ ಪಕ್ಕ ಒಂದು ಕಪ್ಪಿನ ಬಳೆ. ಜೊತೆಗೆ, ಫೋನ್‌ನ ಬ್ರೈಟ್‌ನೆಸ್ ಏರಿಸಿದರೆ ಮಸುಕಾಗಿ ಸ್ವಿಚ್ ಬೋರ್ಡ್ ದೆವ್ವ.

ಪಟ್ಟೆಯ ಲೆಕ್ಕ ಸರಳ. ಗೋಡೆ ಕಿಟಕಿ ಬದಿಯಲ್ಲಿ 22, ಮೂಲೆಯಲ್ಲಿ 4. ನಡುವೆ 18 ಮೆಟ್ಟಿಲು. ಆ ದೂರ 2000 ಪಿಕ್ಸೆಲ್. ಅಂದರೆ ಒಂದೊಂದು ಮೆಟ್ಟಿಲೂ 110 ಪಿಕ್ಸೆಲ್ ಅಗಲ. 16 ಬಿಟ್‌ನಲ್ಲಿ ಕೆಲಸ ಮಾಡುವಾಗ ನಡುವೆ ಸಾವಿರಾರು ಸಣ್ಣ ಮೆಟ್ಟಿಲು ಇರುತ್ತವೆ, ಜೆಪೆಗ್ 8 ಬಿಟ್, ಅಲ್ಲಿ ಹದಿನೆಂಟೇ. ಕಣ್ಣು ಆ ಅಂಚನ್ನು ಹಿಡಿದೇ ಹಿಡಿಯುತ್ತದೆ. ಮದ್ದು ಕೇಳಿದರೆ ನಗು ಬರುತ್ತದೆ: ಚಿತ್ರಕ್ಕೆ ನಾವೇ ಸ್ವಲ್ಪ ಗಲೀಜು ಸೇರಿಸಬೇಕು. ಎಲ್ಲ ಒಟ್ಟುಗೂಡಿಸಿದ ಹೊಸ ಲೇಯರ್ ಮಾಡಿ, ಆರ್‌ಜಿಬಿ ನಾಯ್ಸ್ ಫಿಲ್ಟರ್‌ನಲ್ಲಿ ಬಣ್ಣ ಬೇರೆ ಬೇರೆ ಆಗುವ ಆಯ್ಕೆ ತೆಗೆದು, 0.02ರಷ್ಟು ಹಾಕಿದೆ. ಕಾಳು ಕಾಳಾಗಿ ಮೆಟ್ಟಿಲಿನ ಅಂಚು ಒಡೆದುಹೋಗುತ್ತದೆ, ಪಟ್ಟೆ ಮಾಯ. ಫಿಲ್ಮ್‌ನ ಗ್ರೇನ್ ಥರ ಕಾಣುವುದು ಲಾಭ. ಸ್ವಿಚ್ ಬೋರ್ಡ್ ಅನ್ನು ಈ ಸಲ ಸೋಮಾರಿತನ ಬಿಟ್ಟು ಮೂಲ ಲೇಯರ್‌ನ ಇನ್ನೊಂದು ಕಾಪಿಯಲ್ಲಿ ಕ್ಲೋನ್ ಟೂಲ್‌ನಿಂದ ಅಳಿಸಿದೆ, ವೈರ್ ಸಮೇತ. ಗೋಡೆಯನ್ನು ಕತ್ತಲು ಮಾಡುವ ಮೊದಲೇ ಇದನ್ನು ಮಾಡಿದ್ದರೆ ಐದು ನಿಮಿಷ. ಈಗ ಮೇಲಿನ ಕರ್ವ್ಸ್ ಲೇಯರ್‌ನಲ್ಲೂ ಅಳಿಸಿ, ನಾಯ್ಸ್ ಲೇಯರ್ ಮತ್ತೆ ಮಾಡಿ, ಒಂದು ಗಂಟೆ.

ಪ್ರಿಂಟ್

ಪ್ರಿಂಟ್ ಹಾಕಿಸಿದೆ, ಮ್ಯಾಟ್ ಕಾಗದದಲ್ಲಿ. ಬಂದದ್ದು ನೋಡಿದರೆ ಹಣೆ, ಮೂಗು, ಒಂದು ಕಣ್ಣು. ಉಳಿದದ್ದೆಲ್ಲ ಮಸಿ. ತ್ರಿಕೋನವೂ ಇಲ್ಲ, ಕೈಯೂ ಇಲ್ಲ. ತಪ್ಪು ನನ್ನದೇ. ರಾತ್ರಿ ಲೈಟ್ ಆರಿಸಿ, ಮಾನಿಟರ್ ಬ್ರೈಟ್‌ನೆಸ್ ಪೂರ್ತಿ ಏರಿಸಿಕೊಂಡು ಕೆಲಸ ಮಾಡಿದ್ದೆ. ಕತ್ತಲ ಕೋಣೆಯಲ್ಲಿ ಉರಿಯುವ ಪರದೆಯಲ್ಲಿ 15 ಕೂಡ ಚೆನ್ನಾಗಿ ಕಾಣುತ್ತದೆ. ಕಾಗದ ತಾನಾಗಿ ಉರಿಯುವುದಿಲ್ಲ, ಮ್ಯಾಟ್ ಕಾಗದದಲ್ಲಿ ಕಡುಕಪ್ಪು ಮತ್ತು ಅದರ ಪಕ್ಕದ ಕಪ್ಪು ಎರಡೂ ಒಂದೇ ಆಗಿಬಿಡುತ್ತವೆ.

ಹಗಲು ಹೊತ್ತು, ಮಾನಿಟರ್ ಬ್ರೈಟ್‌ನೆಸ್ ಅರ್ಧಕ್ಕಿಂತ ಕೆಳಗೆ ಇಳಿಸಿ ಕೂತೆ. ಫೋಟೋ ಪಕ್ಕದಲ್ಲಿ ಒಂದು ಪಟ್ಟಿ ಮಾಡಿಕೊಂಡೆ: 5, 10, 15, 20, 30, 40, 60 ಹೀಗೆ ಬೂದು ಚೌಕಗಳು. ಆ ಪಟ್ಟಿಯನ್ನೂ ಒಂದು ಮೂಲೆಯಲ್ಲಿ ಸೇರಿಸಿ ಸಣ್ಣ ಪ್ರಿಂಟ್ ತೆಗೆಸಿದೆ. ಆ ಕಾಗದದಲ್ಲಿ 20ರ ಕೆಳಗಿನ ಚೌಕಗಳೆಲ್ಲ ಒಂದೇ. ಹಾಗಾದರೆ ಕಾಣಬೇಕಾದದ್ದು ಯಾವುದೂ 20ರ ಕೆಳಗೆ ಇರಬಾರದು. ಪ್ರಿಂಟ್‌ಗೆಂದೇ ಬೇರೆ ಫೈಲ್ ಮಾಡಿ ನೆರಳಿನ ಕೆನ್ನೆಯನ್ನು 47ರಿಂದ 60ಕ್ಕೆ, ಕೈಯನ್ನು 85ಕ್ಕೆ ಏರಿಸಿದೆ. ಗೋಡೆ ಮುಳುಗಿದರೆ ಮುಳುಗಲಿ ಅಂತ ಹಾಗೇ ಬಿಟ್ಟೆ. ಪರದೆಯಲ್ಲಿ ಈ ಫೈಲ್ ಸ್ವಲ್ಪ ತೆಳುವಾಗಿ ಕಾಣುತ್ತದೆ, ಕಾಗದದಲ್ಲಿ ಸರಿಯಾಗಿದೆ.

ಎರಡನೇ ಪ್ರಿಂಟ್ ದೊಡ್ಡಪ್ಪನ ಕೈಗೆ ಕೊಟ್ಟೆ. ಕಿಟಕಿ ಹತ್ತಿರ ಒಯ್ದು, ಕನ್ನಡಕ ಏರಿಸಿ, ಇಳಿಸಿ ನೋಡಿದರು.

"ಚೆನ್ನಾಗಿದೆ. ಹಿಂದಿದ್ದ ಸ್ವಿಚ್ ಬೋರ್ಡ್ ಎಲ್ಲೋ?"

ಲ್ಯಾಪ್‌ಟಾಪ್ ತೆರೆದು, ಮೇಲಿನಿಂದ ಒಂದೊಂದೇ ಲೇಯರ್‌ನ ಕಣ್ಣಿನ ಗುರುತು ಒತ್ತಿ ಮುಚ್ಚುತ್ತಾ ಬಂದೆ. ಗ್ರೇನ್ ಹೋಯಿತು, ಗೋಡೆ ಬೆಳಗಿತು, ಕೊನೆಗೆ ಬೋರ್ಡ್ ಬಂತು, ಚಾರ್ಜರ್ ವೈರ್ ಬಂತು. ದೊಡ್ಡಪ್ಪ ನಕ್ಕು, "ಇದೂ ಒಂದು ಪ್ರಿಂಟ್ ತೆಗೆಸು, ಬೋರ್ಡ್ ಇರೋದು" ಅಂದರು.